ಕೊಟ್ಟಿಗೆಯ ಬಾಗಿಲಿಗೆ ಒಬ್ಬನೇ ಕೇಳುಗ

ಅವತ್ತು ಬೆಳಗಿನ ಚಹಾದ ಹೊತ್ತಿನಲ್ಲಿ ಲೆನ್ಸಣ್ಣ ಬಾಯಿ ಮುಚ್ಚಿಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವನ ಕೆಲಸ. ಅದಕ್ಕೆ ಕಣ್ಣು ಬೇಕು, ಕೈ ಬೇಕು, ಕಿವಿ ಬೇಕಿಲ್ಲ. ಹಾಗೆ ಬಿಡುವಾಗಿ ಉಳಿದ ಕಿವಿಗಳನ್ನು ಅವನು ಯುರೋಪಿಗೆ ಒಪ್ಪಿಸಿಬಿಟ್ಟಿದ್ದ. ಅಲ್ಲಿ ಯಾವ ಕಂಪನಿಯ ಹಂಗೂ ಇಲ್ಲದೆ, ಮನೆಯ ಮೂಲೆಯಲ್ಲಿ ಕೂತು ತೋಚಿದ್ದನ್ನು ಬಾರಿಸಿ ಇಂಟರ್‌ನೆಟ್ಟಿಗೆ ಹಾಕುವವರು ಬೇಕಾದಷ್ಟು ಜನ ಇದ್ದಾರೆ. ಪೋರ್ಚುಗಲ್ಲಿನಲ್ಲಿ ಗರಗಸವನ್ನು ಪಿಟೀಲಿನಂತೆ ನುಡಿಸುವ ಒಬ್ಬಾಕೆ, ಪೋಲೆಂಡಿನಲ್ಲಿ ಖಾಲಿ ಈಜುಕೊಳಕ್ಕೆ ಇಳಿದು ತಾಳಕ್ಕೆ ಸರಿಯಾಗಿ ಕೆಮ್ಮುವ ಅಣ್ಣತಮ್ಮಂದಿರು, ಎಲ್ಲರನ್ನೂ ಅವನು ಹುಡುಕಿ ಹುಡುಕಿ ಪತ್ತೆ ಮಾಡಿದ್ದ. ಆದರೆ ಅವನದು ವಿಚಿತ್ರ ಮಡಿ. ಬೇರೆಯವರ ಕಿವಿಗೆ ಬಿದ್ದದ್ದು ಅವನಿಗೆ ಎಂಜಲು. ಕೆಮ್ಮುವ ಅಣ್ಣತಮ್ಮಂದಿರಿಗೆ ನಾಲ್ಕು ಜನ ಕೇಳುಗರು ಹುಟ್ಟಿಕೊಂಡ ದಿನವೇ ಅವರ ಸಹವಾಸ ಬಿಟ್ಟಿದ್ದ.

ಈಗ ಅವನ ಪಾಲಿಗೆ ಉಳಿದಿದ್ದವನು ಉತ್ತರದ ಯಾವುದೋ ದ್ವೀಪದವನು. ಹೆಸರಿನಲ್ಲಿ ಅಕ್ಷರಗಳಿಗಿಂತ ಅವುಗಳ ತಲೆಯ ಮೇಲಿನ ಚುಕ್ಕಿಗಳೇ ಹೆಚ್ಚಾಗಿದ್ದುದರಿಂದ ಲೆನ್ಸಣ್ಣ ಅದನ್ನು ಉಚ್ಚರಿಸುವ ಗೋಜಿಗೆ ಹೋಗಿರಲಿಲ್ಲ. ಆ ದ್ವೀಪದವನದು ಒಂದೇ ಒಂದು ಕೃತಿ. ಅದರಲ್ಲಿ ಕೊಟ್ಟಿಗೆಯ ಬಾಗಿಲು ಮುಕ್ಕಾಲು ಗಂಟೆ ಕಿರುಗುಟ್ಟುತ್ತದೆ, ನಡುವೆ ಒಂದು ಹಸು ಉಸಿರು ಬಿಡುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಕೇಳುಗರು: ಒಬ್ಬರು’ ಎಂದಿರುತ್ತಿತ್ತು. ಅಂಗಡಿಯ ಯಜಮಾನರು ಬೈದರೂ, ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೂ, ಆ ಒಬ್ಬರು ತಾನೇ ಎಂದು ನೆನೆದು ಲೆನ್ಸಣ್ಣ ಸಮಾಧಾನಪಟ್ಟುಕೊಳ್ಳುತ್ತಿದ್ದ. ಬಾಳಿನಲ್ಲಿ ಅವನು ಮೊದಲನೆಯವನಾಗಿದ್ದ ಜಾಗ ಅದೊಂದೇ.

ಅವತ್ತು ಚಹಾಕ್ಕೆ ಕೌಂಟರಿನಲ್ಲಿ ಕೂರುವ ಅಕ್ಕನೂ ಪಕ್ಕದ ಸಲೂನಿನವನೂ ಜೊತೆಗಿದ್ದರು. ದಿನವಿಡೀ ಕಿವಿಗೆ ಅದೇನು ತುರುಕಿಕೊಂಡಿರುತ್ತೀರಿ ಎಂದು ಸಲೂನಿನವನು ಕೆಣಕಿದ. ಲೆನ್ಸಣ್ಣನಿಗೆ ತಡೆದುಕೊಳ್ಳಲಾಗಲಿಲ್ಲ. ಫೋನು ತೆಗೆದು ತೋರಿಸಿದ.

“ಇದನ್ನ ಕೇಳೋನು ಇಡೀ ಪ್ರಪಂಚದಲ್ಲಿ ನಾನೊಬ್ಬನೇ.”

ಇಬ್ಬರೂ ಬೆರಗಾಗುತ್ತಾರೆ ಎಂದುಕೊಂಡಿದ್ದ. ಅಕ್ಕನ ಕಣ್ಣಲ್ಲಿ ನೀರು ಬಂತು.

“ಅಯ್ಯೋ ಪಾಪ. ಅಷ್ಟು ದೂರದಲ್ಲಿ, ಆ ಚಳೀಲಿ, ಒಬ್ನೇ ಕೂತ್ಕೊಂಡು ಬಾಗಿಲು ಅಲ್ಲಾಡಿಸ್ತಿದಾನೆ. ನಿಮ್ಮನ್ನ ಬಿಟ್ರೆ ಕೇಳೋರೇ ಇಲ್ಲ. ಅವನನ್ನೂ ಒಬ್ಬ ತಾಯಿ ಹೆತ್ತಿರ್ತಾಳಲ್ವಾ ಲೆನ್ಸಣ್ಣ?”

ಅವನು ಫೋನು ಜೇಬಿಗೆ ಹಾಕುವಷ್ಟರಲ್ಲಿ ಅಕ್ಕ ಆ ಚುಕ್ಕಿಗಳ ಹೆಸರಿನ ಫೋಟೋ ತೆಗೆದುಕೊಂಡಾಗಿತ್ತು. ಅಕ್ಕನ ಕೈಗೆ ಸಿಕ್ಕಿದ ಸುದ್ದಿ ಊರಿಗೆಲ್ಲ ಹಂಚಿ ಹೋಗದೆ ಉಳಿದದ್ದಿಲ್ಲ. ಅವಳ ಅಕ್ಕತಂಗಿಯರು, ಓರಗಿತ್ತಿಯರು, ಅವಳ ಮನೆಯಿರುವ ಕಟ್ಟಡದ ಹೆಂಗಸರು, ಕಳೆದ ವರ್ಷ ಕನ್ನಡಕ ಮಾಡಿಸಿಕೊಂಡವರು, ಎಲ್ಲರ ಫೋನಿಗೂ ಹೋಯಿತು. ‘ದಿಕ್ಕಿಲ್ಲದ ಕಲಾವಿದ, ದಯವಿಟ್ಟು ಒಂದು ಸಲ ಕೇಳಿ’ ಎಂದು ಕೈಮುಗಿದ ಚಿತ್ರವನ್ನೂ ಸೇರಿಸಿದ್ದಳು.

ಲೆನ್ಸಣ್ಣ ಹಿಂದಿನ ಕೋಣೆಗೆ ಹೋಗಿ ಕೂತು ನೋಡುತ್ತಾನೆ, ಕೇಳುಗರು ಇಬ್ಬರು. ಒಂದು ಗಾಜು ಉಜ್ಜಿ ಮುಗಿಸುವಷ್ಟರಲ್ಲಿ ಎರಡಂಕಿ. ಎದ್ದು ಬಂದು ಅಕ್ಕನಿಗೆ ಗುಟ್ಟಾಗಿ ಹೇಳಿದ: ಅದೇನೂ ಚೆನ್ನಾಗಿಲ್ಲ, ಕೇಳಿದರೆ ತಲೆನೋವು ಬರುತ್ತದೆ, ಜನರಿಗೆ ಸುಮ್ಮನೆ ಯಾಕೆ ತೊಂದರೆ.

“ಚೆನ್ನಾಗಿಲ್ಲ ಅಂತ ನಮಗೂ ಗೊತ್ತು,” ಎಂದಳು ಅಕ್ಕ. “ಚೆನ್ನಾಗಿದ್ದಿದ್ರೆ ನಾವ್ಯಾಕೆ ಕೇಳ್ಬೇಕಿತ್ತು? ಬೇರೆ ಯಾರಾದ್ರೂ ಕೇಳ್ತಿದ್ರು.”

ಸಲೂನಿಗೆ ಓಡಿದ. ಅಲ್ಲಿ ಸಿನಿಮಾ ಹಾಡು ನಿಂತು ಬಾಗಿಲು ದೊಡ್ಡದಾಗಿ ಕಿರುಗುಟ್ಟುತ್ತಿತ್ತು. ಕುರ್ಚಿಯಲ್ಲಿದ್ದವನು ಕತ್ತು ಅಲ್ಲಾಡಿಸದೆ ಕೂತಿದ್ದ. ನಿಲ್ಲಿಸು ಮಾರಾಯ ಎಂದು ಲೆನ್ಸಣ್ಣ ಗೋಗರೆದರೆ ಸಲೂನಿನವನು ಒಪ್ಪಲಿಲ್ಲ. ಒಳಗೆ ಯಾರೋ ಬರುತ್ತಾರೆ, ಈಗ ಬರುತ್ತಾರೆ ಎಂದು ಗಿರಾಕಿಗಳು ಉಸಿರು ಬಿಗಿಹಿಡಿದು ಕಾಯುತ್ತಾರಂತೆ. ಇಷ್ಟು ವರ್ಷದಲ್ಲಿ ಕ್ಷೌರ ಇಷ್ಟು ಸಲೀಸಾಗಿ ಆದದ್ದೇ ಇಲ್ಲವಂತೆ.

ಈ ಸಂಕಟದಲ್ಲಿ ಲೆನ್ಸಣ್ಣ ನಿವೃತ್ತ ಹೆಡ್‌ಮಾಸ್ತರರ ಕನ್ನಡಕದ ಎಡಗಾಜನ್ನು ಬಲಕ್ಕೂ ಬಲಗಾಜನ್ನು ಎಡಕ್ಕೂ ಕೂರಿಸಿಬಿಟ್ಟ. ಅವರು ಅದನ್ನು ಹಾಕಿಕೊಂಡು ಹೊರಟು, ಸಮತಟ್ಟಾದ ರಸ್ತೆಯಲ್ಲಿ ಮೆಟ್ಟಿಲು ಹತ್ತುವವರಂತೆ ಕಾಲೆತ್ತಿ ಇಡುತ್ತ ಹೋಗಿ, ಅಂಚೆ ಡಬ್ಬಿಗೆ ನಮಸ್ಕಾರ ಮಾಡಿ, ಅದು ಮಾತಾಡದೇ ಇದ್ದಾಗ ಸಂಶಯ ಬಂದು ಹಿಂದಿರುಗಿದರು. ಯಜಮಾನರು ಲೆನ್ಸಣ್ಣನನ್ನು ಎಲ್ಲರೆದುರೂ ನಿಲ್ಲಿಸಿ ಬೆವರಿಳಿಸಿದರು. ಬೈದದ್ದಕ್ಕೆ ಅವನಿಗೆ ಬೇಜಾರಾಗಲಿಲ್ಲ. ಬೈದು ಮುಗಿಸಿದವರು ಒಳಗೆ ಹೋಗುತ್ತ ಗಂಟಲಲ್ಲೇ ಸಣ್ಣಗೆ ‘ಕೀ...ರ್ರ್’ ಎಂದು ಗುನುಗಿದರು, ಅದು ಕರುಳು ಹಿಂಡಿತು.

ಸಂಜೆ ಮನೆಗೆ ಬರುವಷ್ಟರಲ್ಲಿ ಕೇಳುಗರು ಮೂರಂಕಿ ದಾಟಿದ್ದರು. ಅಡುಗೆಮನೆಯಲ್ಲಿ ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು. ಪಕ್ಕದಲ್ಲಿಟ್ಟ ಅವಳ ಫೋನಿನಲ್ಲಿ ಹಸು ಉಸಿರು ಬಿಡುತ್ತಿತ್ತು.

“ಅಕ್ಕ ಕಳಿಸಿದ್ರು ರೀ. ಈ ಉಸಿರಿನ ಜಾಗ ಬಂದಾಗ ನಂಗೆ ಅಳುನೇ ಬಂತು. ಇಷ್ಟು ದಿನ ನೀವೊಬ್ರೇ ಕೇಳ್ಕೊಂಡಿದ್ರಲ್ಲ, ನನಗೊಂದು ಮಾತು ಹೇಳ್ಬಾರ್ದಾಗಿತ್ತಾ?”

ಲೆನ್ಸಣ್ಣ ಕುರ್ಚಿಯಲ್ಲಿ ಕುಸಿದು ಕೂತ. ಸುಮ್ಮನೆ ಹೇಳುವುದಲ್ಲ, ಅವನಿಗೆ ನಿಜಕ್ಕೂ ದುಃಖವಾಗಿತ್ತು. ಕಟ್ಟಿಕೊಂಡವಳಿಗೂ ಹೇಳದೆ ಕಾಪಾಡಿಕೊಂಡಿದ್ದು ಒಂದೇ ದಿನದಲ್ಲಿ ಬೀದಿಪಾಲಾಗಿತ್ತು.

ಅಷ್ಟರಲ್ಲಿ ಅವಳ ಫೋನು ಸದ್ದು ಮಾಡಿತು. ಹೆಂಡತಿ ಕೈ ಒರೆಸಿಕೊಂಡು ನೋಡಿದಳು. ದ್ವೀಪದವನು ತನ್ನ ಕೇಳುಗರಿಗೆಲ್ಲ ಒಂದು ಮಾತು ಬರೆದಿದ್ದ. ಫೋನೇ ಅದನ್ನು ಕನ್ನಡಕ್ಕೆ ತಿರುಗಿಸಿ ಕೊಟ್ಟಿತ್ತು.

“ರೀ, ಮೊದಲನೇ ಕೇಳುಗನ ಬಗ್ಗೇನೂ ಬರೆದಿದಾನೆ.”

ಲೆನ್ಸಣ್ಣ ನೆಟ್ಟಗೆ ಕೂತ. ಎಷ್ಟೇ ಜನ ನುಗ್ಗಿ ಬರಲಿ, ಮೊದಲನೆಯವನು ಮೊದಲನೆಯವನೇ. ಓದು ಎಂದ.

ಹೆಂಡತಿ ಓದಿದಳು: ‘ಗೆಳೆಯರೇ, ಒಂದೇ ದಿನದಲ್ಲಿ ಇಷ್ಟು ಜನ ಬಂದಿರಿ. ಹಸುವಿಗೂ ತಿಳಿಸಿದೆ. ಇದುವರೆಗೆ ನನಗೆ ಕೇಳುಗ ಎಂದು ಇದ್ದದ್ದು ಒಂದೇ ಖಾತೆ. ಬೆಳಗಿನಿಂದ ಸಂಜೆಯವರೆಗೆ, ದಿನವೂ, ಇದೇ ಬಾಗಿಲನ್ನೇ ಕೇಳುತ್ತಿತ್ತು. ಮನುಷ್ಯನಾದವನು ಹಾಗೆ ಕೇಳಲಾರ ಎಂದು ನನಗೆ ಗೊತ್ತು. ಯಾವುದೋ ಯಂತ್ರ, ಅದಾದರೂ ಇರಲಿ ಎಂದು ಬಿಟ್ಟಿದ್ದೆ. ಈಗ ನಿಜವಾದ ಮನುಷ್ಯರು ಬಂದಿರುವುದರಿಂದ ಆ ಯಂತ್ರವನ್ನು ಹೊರಗೆ ಹಾಕಿದ್ದೇನೆ.’

ಲೆನ್ಸಣ್ಣ ತನ್ನ ಫೋನನ್ನು ತೆಗೆದು ನೋಡಿದ. ಬಾಗಿಲೂ ಇರಲಿಲ್ಲ, ಹಸುವೂ ಇರಲಿಲ್ಲ. ಇಷ್ಟು ದೊಡ್ಡ ಊರಿನಲ್ಲಿ ಅದನ್ನು ಕೇಳಲಾಗದವನು ಈಗ ಅವನೊಬ್ಬನೇ.

ನಾಚಿಕೆ ಬಿಟ್ಟು, ನಿನ್ನ ಫೋನು ಕೊಡು ಎಂದು ಕೈ ಚಾಚಿದ. ಹೆಂಡತಿಗೆ ಕನಿಕರವಾಯಿತು. ಕೊಟ್ಟಳು. ಕೊಟ್ಟವಳು ಮತ್ತೆ ಏನೋ ಯೋಚಿಸಿ ಅದರ ಒಂದು ಅಂಚನ್ನು ಹಿಡಿದುಕೊಂಡೇ ಇದ್ದಳು.

“ಒಂದೇ ಒಂದು ಸಲ ಕೇಳಿ ರೀ. ಜಾಸ್ತಿ ಕೇಳಿದ್ರೆ ನನ್ನೂ ಯಂತ್ರ ಅಂದ್ಕೊಂಡುಬಿಟ್ಟಾನು.”