ಅತ್ತೆ ನಂಬಿದ ಕೆಂಪು ದೀಪ

ಮದುವೆಗೆ ಮೊದಲೇ ಗುಮಾಸ್ತ ಭಾವೀ ಅತ್ತೆಗೆ ಮಾತು ಕೊಟ್ಟುಬಿಟ್ಟಿದ್ದ: “ನಿಮಗೆ ಸಮುದ್ರ ತೋರಿಸೋದು ನನ್ನ ಜವಾಬ್ದಾರಿ.” ಗಳಿಗೆಗೊಮ್ಮೆ ಶೌಚಾಲಯ ಬೇಕಾಗುವ ಅತ್ತೆ ಬಸ್ಸು ಹತ್ತುವ ಪೈಕಿಯವರಲ್ಲ ಎಂಬುದು ತಿಳಿದದ್ದು ಆಮೇಲೆ. ಅಂತೂ ಅವನ ಮಗಳು ಶಾಲೆ ಸೇರುವ ಹೊತ್ತಿಗೆ, ಒಳಗೇ ಹಾಸಿಗೆ, ಶೌಚಾಲಯವಿದ್ದ ಹಳೆಯ ಮನೆಗಾಡಿಯೊಂದು ಬಾಡಿಗೆಗೆ ಸಿಕ್ಕಿತು. ಹೆಂಡತಿ ಮಗುವಿನ ಜೊತೆ ಉಳಿದಳು. ಅತ್ತೆ, ಅಳಿಯ ಹೊರಟರು. ರಾತ್ರಿಯೊಳಗೆ ಗಾಡಿ ಮರಳಿಸಬೇಕಿತ್ತು.

ಸಮುದ್ರಕ್ಕೆ ಇನ್ನು ಒಂದೇ ಗಂಟೆಯ ದಾರಿ ಎನ್ನುವಾಗ, ಇಂಥ ಗಾಡಿಗಳು ಮೈದಾನದಲ್ಲಿ ನಿಲ್ಲುವ ತಂಗುದಾಣ ಬಂತು. ಗುಮಾಸ್ತ ಮೂಗಿಗೆ ಬಟ್ಟೆ ಕಟ್ಟಿಕೊಂಡು ಗಾಡಿಯ ಶೌಚಾಲಯದ ಕೊಳಚೆ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿದ. ಆದರೂ ಗಾಡಿಯೊಳಗಿನ ಗೋಡೆಯ ಕೆಂಪು ದೀಪ, ತೊಟ್ಟಿ ತುಂಬಿದೆ ಎಂದು ಹಟಮಾರಿ ಮಗುವಿನಂತೆ ಉರಿಯುತ್ತಲೇ ಇತ್ತು. ತಾನೇ ಕೈಯಾರೆ ಬರಿದು ಮಾಡಿದ್ದೇನೆ ಎಂದು ಅವನು ಅತ್ತೆಯ ಮುಂದೆ ಅಂಗಲಾಚಿದ.

“ಸುಳ್ಳು ಹೇಳಿ ಆ ದೀಪಕ್ಕೇನು ಆಗಬೇಕಿದೆ, ಅಳಿಯಂದ್ರೇ? ಅದು ಆರೋವರೆಗೂ ನಾನು ಆ ಬಾಗಿಲು ಮುಟ್ಟಲ್ಲ.”

ತಂಗುದಾಣದ ಶೌಚಾಲಯಕ್ಕೆ ರಿಪೇರಿಯ ಬೀಗ ಬಿದ್ದಿತ್ತು.

ಪಕ್ಕದ ಗಾಡಿಯ ಟೈಲರ್ ಇಣುಕಿದ. ತೊಟ್ಟಿಯೊಳಗಿನ ಸೆನ್ಸರಿಗೆ ಒದ್ದೆ ಕಾಗದ ಅಂಟಿದರೆ ಹೀಗೇ, ತೊಟ್ಟಿಗೆ ನೀರು, ಮಂಜುಗಡ್ಡೆ ಸುರಿದು ಗಾಡಿ ಓಡಿಸಿದರೆ ಅದೇ ಉಜ್ಜಿ ತೆಗೆಯುತ್ತದೆ ಎಂದ. ಆಚೆ ಗಾಡಿಯ ನಿವೃತ್ತ ಮೇಷ್ಟ್ರು ಅದರೊಳಗೆ ಸೋಪಿನ ಪುಡಿಯ ಡಬ್ಬಿಯನ್ನೇ ಬೋರಲು ಹಾಕಿದರು.

ಗುಮಾಸ್ತ ಮೈದಾನ ಸುತ್ತತೊಡಗಿದ. ಟೈಲರ್ ದೀಪಕ್ಕೆ ಕಾವಲು ಕೂತ. ತೊಟ್ಟಿ ಚೆನ್ನಾಗಿ ಕುಲುಕಲೆಂದು ಮೇಷ್ಟ್ರು ತಿರುವು ತಿರುವಿಗೂ ಬ್ರೇಕ್ ಹಾಕಿಸಿದರು. ಅತ್ತೆ ಮಾತ್ರ ಹಲ್ಲು ಕಚ್ಚಿಕೊಂಡು, ಗುಂಡಿ ಬಂದಾಗಲೆಲ್ಲ ಅಳಿಯನನ್ನು ಸುಡುವಂತೆ ನೋಡಿದರು. ನೊರೆ ಉಕ್ಕಿ ಮೇಷ್ಟ್ರ ಒಂದು ಚಪ್ಪಲಿ ದೋಣಿಯಂತೆ ತೇಲಿ ಹೊರಟಿತು. ತೊಟ್ಟಿ ಬರಿದು ಮಾಡಿ ನೋಡುವುದು, ಮತ್ತೆ ಮಂಜುಗಡ್ಡೆ, ಮತ್ತೆ ಸುತ್ತು.

ಸಂಜೆಗೆ ದೀಪ ಮಿಣುಕಿತು. ಆರಿತು.

ಅತ್ತೆ ಎಲ್ಲರನ್ನೂ ಸರಿಸಿ ಒಳನುಗ್ಗಿದರು. ಹೊರಬಂದಾಗ ಅವರ ಮುಖ ಬೆಳಗಿಟ್ಟ ತಟ್ಟೆಯಂತೆ ಹೊಳೆಯುತ್ತಿತ್ತು. “ನಡೀರಿ, ಸಮುದ್ರಕ್ಕೆ.”

ಗುಮಾಸ್ತ ಕೀಲಿ ತಿರುಗಿಸಿದ. ಇಂಜಿನ್ ಕೆಮ್ಮಿ ಸುಮ್ಮನಾಯಿತು. ಮಧ್ಯಾಹ್ನದಿಂದ ಎಲ್ಲರ ಕಣ್ಣೂ ಒಂದೇ ತೊಟ್ಟಿಯ ಮೇಲಿತ್ತು; ಡೀಸೆಲಿನ ಮುಳ್ಳು ನೆಲಕಚ್ಚಿದ್ದನ್ನು ಯಾರೂ ನೋಡಿರಲಿಲ್ಲ.

ಟೈಲರ್ ಕ್ಯಾನಿನಲ್ಲಿ ಡೀಸೆಲ್ ತರುವಷ್ಟರಲ್ಲಿ ಕತ್ತಲಾಗಿತ್ತು; ಗಾಡಿ ಮರಳಿಸುವ ಹೊತ್ತು ಹತ್ತಿರವಾಗಿತ್ತು. ಅತ್ತೆ ಅಳಿಯನ ಬೆನ್ನು ತಟ್ಟಿದರು.

“ಬೇಜಾರು ಮಾಡ್ಕೋಬೇಡಿ. ನನ್ನ ಮಟ್ಟಿಗೆ ಇವತ್ತು ಆಗಬೇಕಾದ್ದು ಆಯ್ತು.”

ಗಾಡಿ ಊರ ಕಡೆ ತಿರುಗಿತು. ಅತ್ತೆ ಸಮುದ್ರ ನೋಡಲಿಲ್ಲ. ಗುಮಾಸ್ತ ಮಾತು ಉಳಿಸಿಕೊಳ್ಳಲಿಲ್ಲ.