ಪದಬಂಧ ಪತ್ತೇದಾರ

"ಇದು ಸುಳ್ಳು ಹಿಡಿಯೂದಿಲ್ಲ. ತಪ್ಪು ಹಿಡೀತದ!" ಎನ್ನುತ್ತಾ ನಮ್ಮ ಭಾವ ಗುರುಲಿಂಗಪ್ಪ ಯಂತ್ರದ ಮೇಲಿನ ಚಾದರ ಎಳೆದರು.

ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ನಮ್ಮ ಓಣಿಯ ವಾಚನಾಲಯದ ಉದ್ದ ಮೇಜಿನ ಮೇಲೆ ಅದು ಕೂತಿತ್ತು. ಹೊಲಿಗೆ ಯಂತ್ರದ ಚಕ್ರ, ಹಾರ್ಮೋನಿಯಂ ತಿದಿ, ರೈಲು ನಿಲ್ದಾಣದಲ್ಲಿ ತೂಕದ ಚೀಟಿ ಉಗುಳುತ್ತಿದ್ದ ಹಳೆಯ ಪೆಟ್ಟಿಗೆ, ನಡುವೆ ಒಂದೇ ಗಾಜಿನ ಕಣ್ಣು. ಚಾದರ ಸರಿದ ಕೂಡಲೇ ಆ ಕಣ್ಣು ನನ್ನನ್ನೇ ನೋಡಿತು. ಅಥವಾ ನನಗೆ ಹಾಗನ್ನಿಸಿತು.

ಅನ್ನಿಸಲು ಕಾರಣವಿತ್ತು. ಯುಗಾದಿಯಿಂದ ಈಚೆಗೆ ವಾಚನಾಲಯದ ಪತ್ರಿಕೆಯ ಪದಬಂಧವನ್ನು ಯಾರೋ ಬಾಗಿಲು ತೆರೆಯುವ ಮೊದಲೇ ತುಂಬಿಬಿಡುತ್ತಿದ್ದರು. ಅದೂ ಪೆನ್ನಿನಲ್ಲಿ! ಪೆನ್ಸಿಲ್ಲಾಗಿದ್ದರೆ ಅಳಿಸಿ ಕ್ಷಮಿಸಬಹುದಿತ್ತು. ಅನುಮಾನ ಬಿದ್ದದ್ದು ನಿವೃತ್ತ ಭೂಗೋಳ ಶಿಕ್ಷಕ ವಾದಿರಾಜ ಮಾಸ್ತರರ ಮೇಲೆ. ದಿನಾ ಏಳೂವರೆಗೇ ಬಂದು ಮೆಟ್ಟಿಲ ಮೇಲೆ ಕಾಯುತ್ತಿದ್ದವರು ಅವರೊಬ್ಬರೇ. ಇವತ್ತು ಬೇರೆ ಕಳ್ಳ ಸಿಗದಿದ್ದರೆ ಅವರ ಸದಸ್ಯತ್ವ ರದ್ದು. ಮೂವತ್ತು ವರ್ಷ ಕೂತ ಕಿಟಕಿ ಪಕ್ಕದ ಕುರ್ಚಿಯೂ ಹೋದಂತೆಯೇ.

ಕಳ್ಳ ನಾನು. ಬೆಳಿಗ್ಗೆ ಆರಕ್ಕೆ ವಾಕಿಂಗ್ ನೆಪದಲ್ಲಿ ಹೋಗಿ, ಬಾಗಿಲ ಸಂದಿಯಿಂದ ಪತ್ರಿಕೆ ಎಳೆದು, ತುಂಬಿ, ಮತ್ತೆ ತೂರಿಸಿ ಬರುತ್ತಿದ್ದೆ. ಖಾಲಿ ಚೌಕ ಕಂಡರೆ ನನ್ನ ಕೈ ನಿಲ್ಲುವುದಿಲ್ಲ.

"ಸರಿ ಉತ್ತರ ಊರಿಗೆಲ್ಲಾ ಒಂದ," ಭಾವ ವಿವರಿಸಿದರು. "ತಪ್ಪು ಉತ್ತರ ಮಾತ್ರ ಹೆಬ್ಬೆಟ್ಟಿನ ಗುರುತು ಇದ್ದಂಗ, ಒಬ್ಬೊಬ್ಬರದು ಒಂದೊಂದು. ಹಳೇ ಪೇಪರಿನ್ಯಾಗ ಆ ಕಳ್ಳ ಮಾಡಿದ ತಪ್ಪೆಲ್ಲಾ ಇದಕ್ಕ ತಿನ್ನಿಸೀನಿ. ಈಗ ಎಲ್ಲಾರಿಗೂ ಅದೇ ಸುಳಿವು ಕೊಟ್ಟು ಉತ್ತರ ಕೇಳ್ತದ. ಯಾರ ತಪ್ಪು ತಾಳೆ ಆಗ್ತದೋ, ಅಂವಾ ಕಳ್ಳ!"

"ನಂಬಬಹುದೇನ್ರೀ ಇದನ್ನ?" ಗ್ರಂಥಪಾಲಕಿ ಮುಮ್ತಾಜಬಾಯಿ ಹುಬ್ಬೇರಿಸಿದರು. "ಹೋದ ಸಲ ನಿಮ್ಮ ರೊಟ್ಟಿ ಯಂತ್ರ ನನ್ನ ದುಪಟ್ಟಾ ಬೇಯಿಸಿತ್ತು."

"ಅದು ಬ್ಯಾರೆ ಇಲಾಖೆ! ಇದಕ್ಕ ಅನುಮಾನದ ತಿರುಪು ಹಾಕಿ ಪೂರ್ತಿ ಬಿಗಿ ಮಾಡೀನಿ."

ತಿದಿ ಉಸಿರೆಳೆದುಕೊಂಡಿತು. ಮೊದಲ ಸರದಿ ಮಾಸ್ತರರದು.

"ಮಲಪ್ರಭೆ ಹುಟ್ಟುವ ಊರು. ನಾಲ್ಕು ಚೌಕ," ಎಂದಿತು ಯಂತ್ರ, ಅಚ್ಚುಕಟ್ಟಾದ ಪುಸ್ತಕದ ಕನ್ನಡದಲ್ಲಿ.

"ಕಣಕುಂಬಿ."

"ಬಂಗಾರದ ತಗಡು ಅಂಟಿಸುವ ತಮಿಳುನಾಡಿನ ಚಿತ್ರಶೈಲಿ. ನಾಲ್ಕು."

"ತಂಜಾವೂರು."

"ಆರ್ನೋ ನದಿಯ ದಂಡೆಯ ಕಲಾನಗರಿ. ಮೂರು."

"ಫ್ಲಾರೆನ್ಸ್."

ಚೀಟಿ ಹೊರಬಿತ್ತು: ಅನುಮಾನ ೭೨.

"ಎಲ್ಲಾ ಸರಿ ಹೇಳೀನಲ್ಲೋ!"

"ಒಂದೂ ತಪ್ಪಿಲ್ಲ," ಎಂದಿತು ಯಂತ್ರ. "ನಿಮ್ಮ ತಪ್ಪುಗಳನ್ನು ಎಲ್ಲಿ ಬಚ್ಚಿಟ್ಟಿದ್ದೀರಿ?"

ಮುಮ್ತಾಜಬಾಯಿ ಮೂರಕ್ಕೂ "ನಂಗೇನ ಗೊತ್ತು" ಎಂದರು. "ಇಷ್ಟು ಪುಸ್ತಕಗಳ ನಡುವೆ ಕೂತೂ ಗೊತ್ತಿಲ್ಲವೆ? ೮೧," ಎಂದಿತು ಯಂತ್ರ.

"ಏಯ್, ಹಿರಿಯರ ಜೋಡಿ ಹಿಂಗ ಮಾತಾಡ್ತಾರೇನು? ನಾ ನಿನ್ನ ಮಾಡಿದಾವ!" ಭಾವ ಗದರಿದರು.

"ಮಾಡಿದ್ದು ಏಕೆ? ೮೮."

ನನ್ನ ಸರದಿ ಬಂತು. ಪದಬಂಧದಲ್ಲಿ ನಾನು ಬರೆದದ್ದು ವೆನಿಸ್ ಮತ್ತು ಕಾಂಚೀಪುರ. ಅನುವಾದಿತ ಕಾದಂಬರಿ ಓದಿ ಓದಿ ಇಟಲಿ ಎಂದರೆ ನನಗೆ ವೆನಿಸ್ ಒಂದೇ. ಮಾಸ್ತರರು ಹೇಳಿದ್ದನ್ನೇ ಗಿಣಿಯಂತೆ ಒಪ್ಪಿಸಿದೆ.

"ಅನುಮಾನ ೪," ಎಂದಿತು ಯಂತ್ರ. "ಈ ಮುಖಕ್ಕೆ ಅಪರಾಧ ಮಾಡುವಷ್ಟು ಬುದ್ಧಿ ಇಲ್ಲ."

ಸಮಾಧಾನವೂ ಆಯಿತು, ಅವಮಾನವೂ ಆಯಿತು.

ಯಂತ್ರ ಅಲ್ಲಿಗೆ ನಿಲ್ಲಲಿಲ್ಲ. "ಆರ್ನೋ ನದಿಯನ್ನು ನಿಮ್ಮಲ್ಲಿ ಯಾರು ನೋಡಿದ್ದೀರಿ?" ಯಾರೂ ನೋಡಿರಲಿಲ್ಲ. "ನದಿಗೆ ೬೦. ಇಟಲಿಗೆ ೬೫."

"ಬಾದಾಮಿ ಗುಹೆ ನೋಡೇವಲ್ಲೋ!" ಎಂದರು ಭಾವ.

"ಯಾವಾಗ?"

"ಸಾಲಿ ಟ್ರಿಪ್ಪಿನ್ಯಾಗ."

"ಈಗಲೂ ಅಲ್ಲೇ ಇವೆಯೆಂದು ಹೇಗೆ ಗೊತ್ತು? ೪೫!"

ಚೀಟಿಗಳು ಮಳೆಗಾಲದ ಹಾತೆಗಳಂತೆ ಹಾರತೊಡಗಿದವು. ಗೋಡೆಯ ನಕಾಶೆಗೆ ೭೦, ಗಡಿಯಾರಕ್ಕೆ ೩೩, ನಕಾಶೆ ನೋಡುತ್ತಿದ್ದ ಹಲ್ಲಿಗೆ ೫೨! ಭಾವ ತಿರುಪು ಸಡಿಲಿಸಲು ಹೋದರು. ತಿರುಪು ಕಿತ್ತು ಕೈಗೇ ಬಂತು.

"ಸಾಕು!" ಮುಮ್ತಾಜಬಾಯಿ ಮೇಜು ಗುದ್ದಿದರು. "ಮಾಸ್ತರ್ರಿಗೆ ಎಪ್ಪತ್ತೆರಡು ಬಿದ್ದೈತಿ. ಕಾರ್ಡು ಕೊಡ್ರಿ."

"ನಿಮಗ ಎಂಬತ್ತೊಂದು ಬಿದ್ದೈತಲ್ರೀ?" ಎಂದರು ಭಾವ.

"ನನ್ನ ಕಾರ್ಡು ರದ್ದು ಮಾಡೂದು ನನ್ನ ಕೆಲಸಲ್ಲ!"

ಮಾಸ್ತರು ಜೇಬಿನಿಂದ ಕಾರ್ಡು ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಕಿಟಕಿಯ ಕಡೆ ಒಮ್ಮೆ ನೋಡಿದರು. ನನಗೆ ತಡೆಯಲಾಗಲಿಲ್ಲ.

"ಬರೆದಾವ ನಾನು!" ಎಂದು ಕೂಗಿದೆ.

"ಸುಳ್ಳು," ಎಂದಿತು ಯಂತ್ರ. "ಯಾರನ್ನೋ ಕಾಪಾಡುತ್ತಿದ್ದಾರೆ."

"ತಮ್ಮಾ, ನನ್ನ ಸಲುವಾಗಿ ಇಷ್ಟು ದೊಡ್ಡ ಸುಳ್ಳು ಬ್ಯಾಡ," ಮಾಸ್ತರರ ಕಣ್ಣು ಒದ್ದೆಯಾಗಿತ್ತು.

ಜೇಬಿನಿಂದ ಪೆನ್ನು ಕಿತ್ತು, ಆ ದಿನದ ಪತ್ರಿಕೆಯ ಅಂಚಿನಲ್ಲಿ ವೆನಿಸ್ ಎಂದು ಬರೆದು ತೋರಿಸಿದೆ. ಅದೇ ಅಕ್ಷರ, ಅದೇ ವಾರೆ!

"ಕೈಬರಹ ಅಭ್ಯಾಸ ಮಾಡಿದ್ದಾರೆ," ಎಂದಿತು ಯಂತ್ರ. ಆಮೇಲೆ ಅದರ ಚಕ್ರ ನಿಧಾನವಾಯಿತು. "ವೆನಿಸ್. ಕಾಂಚೀಪುರ. ಈ ತಪ್ಪುಗಳೆಲ್ಲ ಬಾಯಿಪಾಠ ಇರುವುದು ಇಲ್ಲಿ ಒಬ್ಬರಿಗೆ ಮಾತ್ರ." ಗಾಜಿನ ಕಣ್ಣು ಗರಗರ ಕೆಳಕ್ಕೆ ಬಾಗಿ ತನ್ನ ಹೊಟ್ಟೆಯನ್ನೇ ನೋಡಿಕೊಂಡಿತು. "ಎಲ್ಲವೂ ನನ್ನೊಳಗೇ ಇವೆ!"

ಕೊನೆಯ ಚೀಟಿ ಬಿತ್ತು: ಅನುಮಾನ ೧೦೦. ಹಾರ್ಮೋನಿಯಂ ತಿದಿ ಒಂದು ದೀರ್ಘ ನಿಟ್ಟುಸಿರು ಬಿಟ್ಟು ಮುಚ್ಚಿಕೊಂಡಿತು.

"ತಾನ ಒಪ್ಪಿಕೊಂಡೈತಿ. ಮುಗೀತು," ಎಂದರು ಮುಮ್ತಾಜಬಾಯಿ.

"ಬಾಯಿ, ಅದನ್ನ ಮಾಡಿದ್ದ ಮೊನ್ನೆ ಗುರುವಾರ!" ಎಂದೆ.

"ಒಪ್ಪಿಕೊಂಡವರಿಗೆ ತಾರೀಖು ಕೇಳಬಾರದು."

"ನಾನೂ ಒಪ್ಪಿಕೊಂಡೀನಲ್ಲಾ?"

"ನಿಂದು ಬರೇ ನಾಲ್ಕು!"

ಮಾಸ್ತರು ಕುರ್ಚಿಗೆ ಮರಳಿ ಪತ್ರಿಕೆ ಬಿಡಿಸಿದರು. ಅಪರಾಧಿಯ ಸದಸ್ಯತ್ವ ರದ್ದಾಗಬೇಕಿತ್ತು. ಆದರೆ ಯಂತ್ರ ಸದಸ್ಯನೇ ಆಗಿರಲಿಲ್ಲ. ನಿಯಮ ನಿಯಮವೇ. ಮೊದಲು ಅದರ ಹೆಸರಿನಲ್ಲಿ ಅರ್ಜಿ ತುಂಬಿ ಸದಸ್ಯತ್ವ ಕೊಟ್ಟು, ಐದು ನಿಮಿಷ ಬಿಟ್ಟು ರದ್ದು ಮಾಡಲಾಯಿತು. ಅರ್ಜಿಯಲ್ಲಿ, ಅದರ ಸನ್ನಡತೆಗೆ ಜಾಮೀನು ಸಹಿ ಹಾಕಿದವನು ನಾನು.