ರಸ್ತೆಯ ಆಚೆಯಿಂದ ಆರಿಸಿದ ಟಿವಿ

ಬೇರೆಯವರ ಮನೆಗೆ ಹೋದರೆ ಚಹಾ ಕೊಡುತ್ತಾರೆ. ನಮ್ಮ ಮಾವಶಿಯ ಮನೆಗೆ ಹೋದರೆ ಮೊದಲು ಶಾಕ್ ಕೊಡುತ್ತಾರೆ, ಚಹಾ ಆಮೇಲೆ! ಮಾವಶಿ ಅಂದರೆ ನನ್ನ ತಾಯಿಯ ತಂಗಿ. ಸಾಂಗ್ಲಿಯ ಹತ್ತಿರ ಸಮಡೋಳಿಯಲ್ಲಿ ಅವರ ಮನೆ, ಮಿರಜದಲ್ಲಿ ನನ್ನ ಮನೆ. ನಡುವಿನ ಈ ಅಂತರ ಸಾಲದು ಎಂದು ನನಗೆ ಎಷ್ಟೋ ಸಲ ಅನಿಸಿದ್ದುಂಟು.

ಅವರ ಫ್ರಿಜ್ಜಿನ ಸಂಗತಿಯನ್ನೇ ತೆಗೆದುಕೊಳ್ಳಿ. ಅದು ಮಗ ಹಟ ಹಿಡಿದು ತಂದದ್ದು. ನಮ್ಮದು ಜೈನ ಮನೆತನ. ಮಾವಶಿಯ ಮನೆಯಲ್ಲಿ ಹೊತ್ತು ಮುಳುಗುವುದರೊಳಗೆ ಊಟ ಮುಗಿಯುತ್ತದೆ, ಉಳಿದದ್ದನ್ನು ಮರುದಿನ ಉಣ್ಣುವ ಪದ್ಧತಿ ಇಲ್ಲ. ಹಾಗಾದರೆ ಫ್ರಿಜ್ಜಿನಲ್ಲಿ ಇಡುವುದಾದರೂ ಏನನ್ನು? ಮಾವಶಿ ರೇಶ್ಮೆ ಸೀರೆ ಇಟ್ಟರು. ಹುಳ ಹತ್ತುವುದಿಲ್ಲವಂತೆ, ಜರಿ ಕಪ್ಪಾಗುವುದಿಲ್ಲವಂತೆ. ಒಂದು ಮೇ ತಿಂಗಳ ಮದುವೆಗೆ ಅದರೊಳಗಿಂದ ಆಗಷ್ಟೇ ತೆಗೆದ ಸೀರೆ ಉಟ್ಟುಕೊಂಡು ಬಂದರು. ಮಂಗಲ ಕಾರ್ಯಾಲಯದಲ್ಲಿ ಹೆಂಗಸರೆಲ್ಲ ಬೆವರಿ ನೀರಾಗಿದ್ದರೆ ಮಾವಶಿ ಮಾತ್ರ ಮಡಕೆಯ ನೀರಿನಂತೆ ತಣ್ಣಗೆ ಕುಳಿತಿದ್ದರು. ಏನೋ ಗುಟ್ಟು ಹೇಳಲೆಂದು ಅವರ ಭುಜಕ್ಕೆ ಒರಗಿದ ಮದುಮಗಳ ಸೋದರತ್ತೆ ಅಕ್ಷತೆ ಬೀಳುವವರೆಗೂ ಅಲ್ಲಿಂದ ಏಳಲಿಲ್ಲ.

ಇಂಥ ಮಾವಶಿ ಟಿವಿಯನ್ನು ನೋಡಿದವರೇ ಅಲ್ಲ, ಕೇಳಿದವರು. ಮನೆಯಲ್ಲೊಂದು ಹಳೆಯ ಸಣ್ಣ ಟಿವಿ ಇತ್ತು. ಅದಕ್ಕೆ ಬೆನ್ನು ಮಾಡಿ ಕುಳಿತು, ಮೊರದಲ್ಲಿ ಜೋಳ ಹಸನು ಮಾಡುತ್ತ ಧಾರಾವಾಹಿ ಮುಗಿಸುತ್ತಿದ್ದರು. ಮುಖ ಯಾಕೆ ತಿರುಗಿಸುವುದಿಲ್ಲ ಎಂದು ಕೇಳಿದರೆ, ಮಂದಿ ಮನೆಯ ಜಗಳವನ್ನು ಕಣ್ಣಿಂದ ನೋಡಬಾರದು, ಕಿವಿಗೆ ಬಿದ್ದರೆ ಅಡ್ಡಿಯಿಲ್ಲ ಅನ್ನುವರು. ಇದಕ್ಕೆ ಏನು ಉತ್ತರ ಕೊಡುತ್ತೀರಿ?

ಹೀಗಿರುವಾಗ ಒಂದು ಸಂಜೆ ಅವರ ಫೋನ್ ಬಂತು. ನಾನು ಚಪಾತಿಯ ಹಿಟ್ಟು ನಾದುತ್ತಿದ್ದೆ.

"ನಾಳೆ ರಜಾ ಹಾಕು. ಟಿವಿ ತಗೊಳ್ಳೂದೈತಿ. ಗ್ವಾಡಿಗಿ ಹಚ್ಚತಾರಲ್ಲ, ಅಂಥಾದ್ದು."

ಮೊಬೈಲು ಕೈಜಾರಿ ಹಿಟ್ಟಿನೊಳಗೆ ಬಿತ್ತು. ಅದನ್ನು ಎತ್ತಿ ಒರೆಸಿಕೊಂಡು, ಎಷ್ಟು ದೊಡ್ಡದು ಬೇಕೆಂದು ಕೇಳಿದೆ. ಊರಲ್ಲಿ ಎಷ್ಟು ದೊಡ್ಡದು ಸಿಗುತ್ತದೋ ಅಷ್ಟು ಎಂದು ಹೇಳಿ ಫೋನ್ ಇಟ್ಟರು. ಗಾಬರಿಯಿಂದ ಅವರ ಮಗನಿಗೆ ಫೋನ್ ಹಚ್ಚಿದೆ. ಅವನು ಸಾಂಗ್ಲಿಯಲ್ಲಿ ನೌಕರಿ ಮಾಡುವವನು. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. ಅವನಿಗೂ ಏನೂ ಗೊತ್ತಿರಲಿಲ್ಲ. "ಆಯಿ ಬರಿ ಆಹೆ ನಾ?" ಎಂದ. ಒಂದೇ ಮನೆಯಲ್ಲಿರುವ ತಾಯಿಯ ಆರೋಗ್ಯವನ್ನು ಅವನು ಮಿರಜದಲ್ಲಿರುವ ನನ್ನಿಂದ ತಿಳಿಯಬೇಕಾಗಿ ಬಂದಿತ್ತು!

ಮರುದಿನ ಮೊದಲು ಮಿರಜದ ಅಂಗಡಿಗೆ ಹೋದೆವು. ಒಂದು ಗೋಡೆಯ ತುಂಬ ಟಿವಿಗಳು. ಎಲ್ಲದರಲ್ಲೂ ಬಣ್ಣಬಣ್ಣದ ಮೀನುಗಳು ಈಜುತ್ತಿದ್ದವು. ಸೇಲ್ಸ್‌ಮನ್ ಒಂದೊಂದು ಮೀನಿನ ಬಣ್ಣವನ್ನೂ ತಾನೇ ಬಳಿದವನಂತೆ ಹೆಮ್ಮೆಯಿಂದ ವಿವರಿಸತೊಡಗಿದ. ಮಾವಶಿ ಪೂರ್ತಿ ಕೇಳಿಸಿಕೊಂಡು, ಎಲ್ಲವನ್ನೂ ಬಂದ್ ಮಾಡಲು ಹೇಳಿದರು. ಅವನು ಆವಾಜು ಬಂದ್ ಮಾಡಿದ. ಆವಾಜಲ್ಲ, ಟಿವಿ ಎಂದರು. ಅವನು ನನ್ನ ಮುಖ ನೋಡಿದ, ನಾನು ಮೀನುಗಳ ಮುಖ ನೋಡಿದೆ. ಒಂದೊಂದಾಗಿ ಎಲ್ಲ ಟಿವಿ ಆರಿ ಅಂಗಡಿಗೆ ಕತ್ತಲು ಕವಿಯಿತು. ಕರೆಂಟ್ ಹೋಯಿತೆಂದು ತಿಳಿದ ಮಾಲಕರು ಒಳಗಿನಿಂದ ಟಾರ್ಚ್ ಹಿಡಿದುಕೊಂಡು ಬಂದರು.

ಮಾವಶಿ ಶಾಂತವಾಗಿ ಕಪ್ಪು ಪರದೆಗಳ ಮುಂದೆ ಅಡ್ಡಾಡುತ್ತಿದ್ದರು. ಇದೇನಿದು ಎಂದು ನಾನು ತಡೆಯಲಾರದೆ ಕೇಳಿಯೇಬಿಟ್ಟೆ. ಮಾವಶಿ ಅಡ್ಡಾಡುತ್ತಲೇ ಹೇಳಿದರು.

"ದಿನದಾಗ ಹೆಚ್ಚ ಹೊತ್ತ ಅದು ಬಂದ್ ಇರತೈತಿ. ಬಂದ್ ಇದ್ದಾಗ ಹ್ಯಾಂಗ ಕಾಣತೈತಿ ನೋಡಬೇಕೋ ಬ್ಯಾಡೋ?"

ಮಾಲಕರು ಟಾರ್ಚ್ ಆರಿಸುವುದನ್ನೂ ಮರೆತು ನಿಂತರು. ಅವರ ಇಷ್ಟು ವರ್ಷದ ವ್ಯಾಪಾರದಲ್ಲಿ ಯಾರೂ ಎತ್ತದ ಪ್ರಶ್ನೆ ಅದು. ಕೊನೆಗೆ ಮಾವಶಿ ಒಂದು ಪರದೆಯ ಮುಂದೆ ನಿಂತು ತಲೆಗೂದಲು ಸರಿಮಾಡಿಕೊಂಡು, ಇದರಲ್ಲಿ ತನ್ನ ಮುಖ ಬಾತುಕೊಂಡಂತೆ ಕಾಣುತ್ತದೆ ಎಂದು ಹೊರಗೆ ನಡೆದರು. ನಾನು ಯಾರ ಮುಖವನ್ನೂ ನೋಡದೆ ಹಿಂಬಾಲಿಸಿದೆ.

ಅಲ್ಲಿಂದ ಸಾಂಗ್ಲಿಗೆ ಬಂದೆವು. ಅಲ್ಲಿಯದು ಇನ್ನೂ ದೊಡ್ಡ ಅಂಗಡಿ. ಎದುರಿಗೆಲ್ಲ ಗಾಜು, ಗಾಜಿನಾಚೆ ಅಗಲವಾದ ರಸ್ತೆ, ರಸ್ತೆಯಾಚೆ ರಿಕ್ಷಾ ಸ್ಟ್ಯಾಂಡು. ಸೇಲ್ಸ್‌ಮನ್ ಒಂದು ದೊಡ್ಡ ಟಿವಿ ಹಚ್ಚಿ ತೋರಿಸಿದ. ಮಾವಶಿ ಅದನ್ನು ಗಾಜಿನ ಪಕ್ಕಕ್ಕೆ, ರಸ್ತೆಯ ಕಡೆ ಮುಖ ಮಾಡಿ ಇಡಿಸಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಸಿಟ್ಟಿನಿಂದ ಹೋದರೇ ಎಂದು ಅವನು ಕೇಳಿದ. ನನಗಾದರೂ ಏನು ಗೊತ್ತು? ನಾವು ನೋಡನೋಡುತ್ತಿದ್ದಂತೆ ಮಾವಶಿ ರಸ್ತೆ ದಾಟಿ, ರಿಕ್ಷಾ ಸ್ಟ್ಯಾಂಡಿನಲ್ಲಿ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನನಗೆ ಫೋನ್ ಹಚ್ಚಿದರು.

"ಸಣ್ಣದಾತು. ಇದಕಿಂತ ದೊಡ್ಡದ ಹಚ್ಚಂತ ಹೇಳು."

ನಾನು ಹೇಳಿದೆ. ಅವನು ಇನ್ನೊಂದನ್ನು ತಂದು ಹಚ್ಚಿದ. ಅಷ್ಟರಲ್ಲಿ ನಡುವೆ ಒಂದು ಕಬ್ಬಿನ ಟ್ರ್ಯಾಕ್ಟರು ಬಂತು. ತಡಿ, ಕಬ್ಬು ಹೊಂಟೈತಿ ಎಂದು ಫೋನಿನಲ್ಲಿ ಸೂಚನೆ ಬಂತು. ಕಬ್ಬು ಹೋದ ಮೇಲೆ ಬಸ್ಸು ಬಂದು ನಿಂತಿತು. ಬಸ್ಸು ಹೋಗುವಷ್ಟರಲ್ಲಿ ಮಾವಶಿ ತಮ್ಮ ಪಕ್ಕಕ್ಕೆ ಇಬ್ಬರು ರಿಕ್ಷಾದವರನ್ನೂ ಸಂತೆಚೀಲ ಹಿಡಿದ ಒಬ್ಬ ಅಜ್ಜನನ್ನೂ ಪರೀಕ್ಷಕರನ್ನಾಗಿ ನಿಲ್ಲಿಸಿಕೊಂಡಿದ್ದರು! ಪರದೆಯ ಮೇಲೆ ಯಾವುದೋ ಧಾರಾವಾಹಿಯ ಹೆಂಗಸು. ಅವಳು ನಗುತ್ತಿದ್ದಾಳೆ ಎಂದು ಒಬ್ಬ ರಿಕ್ಷಾದವನು, ಅಳುತ್ತಿದ್ದಾಳೆ ಎಂದು ಅಜ್ಜ. ಆ ವಾದವೆಲ್ಲ ಮರಾಠಿಯಲ್ಲಿ ನನ್ನ ಕಿವಿಗೆ ಬೀಳುತ್ತಿತ್ತು. ಕೊನೆಗೆ ಮಾವಶಿಯ ದನಿ ಬಂತು.

"ನಗಾಕತ್ತಾಳೋ ಅಳಾಕತ್ತಾಳೋ ಇಲ್ಲಿಂದ ತಿಳೀಬೇಕು. ಅಷ್ಟ ದೊಡ್ಡದ ಬೇಕು ನನಗ."

ಟಿವಿ ಕೊಳ್ಳಲು ಬಂದವರು ಬಣ್ಣ ಕೇಳುತ್ತಾರೆ, ಗ್ಯಾರಂಟಿ ಕೇಳುತ್ತಾರೆ. ರಸ್ತೆಯಾಚೆ ನಿಂತು ಧಾರಾವಾಹಿಯ ಹೆಂಗಸಿನ ಸುಖದುಃಖ ಕೇಳುವ ಗಿರಾಕಿಯನ್ನು ಆ ಸೇಲ್ಸ್‌ಮನ್ ಕನಸಿನಲ್ಲೂ ಕಂಡಿರಲಿಕ್ಕಿಲ್ಲ. ಅಂಗಡಿಯ ಕೆಲಸದವರೆಲ್ಲ ಸೇರಿ ಗೋಡೌನಿನಿಂದ ಇದ್ದುದರಲ್ಲೇ ದೊಡ್ಡದನ್ನು ಹೊತ್ತು ತಂದರು. ಅದು ಟಿವಿಯಲ್ಲ, ಮಂಚದ ಹಲಗೆ. ಹಚ್ಚಿದೊಡನೆ ರಸ್ತೆಯಾಚೆಯಿಂದ ಪರೀಕ್ಷಕರು ಒಂದೇ ದನಿಯಲ್ಲಿ ಅವಳು ಅಳುತ್ತಿದ್ದಾಳೆ ಎಂದು ತೀರ್ಪು ಕೊಟ್ಟರು. ಮಾವಶಿ ಸಂತೋಷದಿಂದ ಕೈ ಎತ್ತಿದರು. ನನಗೂ ಅಳು ಬರುವುದೊಂದು ಬಾಕಿ.

ಟಿವಿ ಗೋಡೆಗೆ ಹಚ್ಚುವ ದಿನ ಏನಾಗುವುದೋ ಎಂಬ ಭಯದಿಂದ ನಾನೂ ಸಮಡೋಳಿಗೆ ಹೋದೆ. ಮೆಕ್ಯಾನಿಕ್ ಬಂದು ಪಡಸಾಲೆಯ ಪಕ್ಕದ ಗೋಡೆಗೆ ಗುರುತು ಹಾಕಿದ. ಸೋಫಾದ ಎದುರು, ಎಲ್ಲರಿಗೂ ಅನುಕೂಲ. ಮಾವಶಿ ಅದನ್ನು ಅಳಿಸಿ, ಹೊರಬಾಗಿಲಿಗೆ ನೇರ ಎದುರಿನ ಹಿಂದಿನ ಗೋಡೆಯನ್ನು ತೋರಿಸಿದರು. ಬಾಗಿಲ ಬೆಳಕೆಲ್ಲ ಪರದೆಯ ಮೇಲೆ ಬೀಳುತ್ತದೆ, ಬಾಗಿಲು ಹಾಕಿಕೊಂಡೇ ನೋಡಬೇಕಾಗುತ್ತದೆ ಎಂದು ಅವನು ಎಚ್ಚರಿಸಿದ. ಬಾಗಿಲು ಹಾಕುವ ಪ್ರಶ್ನೆಯೇ ಇಲ್ಲವೆಂದರು ಮಾವಶಿ. ಮಗನಿಗೆ ಸಿಟ್ಟು ಬಂತು. ಹಾಗಾದರೆ ನಾವು ಎಲ್ಲಿ ಕೂತು ನೋಡಬೇಕು, ಅಂಗಳದಲ್ಲೇನು ಎಂದು ಮರಾಠಿಯಲ್ಲಿ ಒದರಾಡಿದ. ಕಾಕಾ, ಅಂದರೆ ಮಾವಶಿಯ ಯಜಮಾನರು, ಇಂಥ ಹೊತ್ತಿನಲ್ಲಿ ಸದಾ ಮಾಡುವಂತೆ ಹೊಲದ ಕಡೆ ನಡೆದರು.

ಕಡೆಗೂ ಟಿವಿ ಹಿಂದಿನ ಗೋಡೆಗೇ ಏರಿತು. ಮಾವಶಿ ಅದನ್ನು ಹಚ್ಚಿಸಿ, ಹೊರಗೆ ಹೋಗಿ, ಅಂಗಳ ದಾಟಿ, ಎದುರು ಮನೆಯ ಮೆಟ್ಟಿಲ ಮೇಲೆ ಹತ್ತಿ ನಿಂತು ನಮ್ಮ ಕಡೆ ತಿರುಗಿದರು. ಆಗ ನನಗೆ ಆದಷ್ಟು ಆಘಾತ ಅಂಗಡಿಗಳಲ್ಲೂ ಆಗಿರಲಿಲ್ಲ. ಯಾಕೆಂದರೆ ಅದು ಅವರ ನೆಗೆಣ್ಣಿಯ, ಅಂದರೆ ಕಾಕಾನ ಅಣ್ಣನ ಹೆಂಡತಿಯ ಮನೆ. ಒಂದೇ ಅಂಗಳದ ಎರಡು ಬದಿಗೆ ಎರಡು ಮನೆ. ಅಣ್ಣತಮ್ಮಂದಿರು ಇಂದಿಗೂ ಒಂದೇ ಬೈಕಿನಲ್ಲಿ ಹೊಲಕ್ಕೆ ಹೋಗುತ್ತಾರೆ. ಈ ಹೆಂಗಸರಿಬ್ಬರಿಗೆ ಮಾತ್ರ ವರ್ಷಾನುಗಟ್ಟಲೆ ಮಾತಿಲ್ಲ. ಜಗಳ ಯಾತಕ್ಕೆ ಸುರುವಾಯಿತೆಂದು ಕೇಳಿದರೆ ಇಬ್ಬರಿಗೂ ಸರಿಯಾಗಿ ನೆನಪಿಲ್ಲ, ಬಿಡಲು ಮಾತ್ರ ಮನಸ್ಸಿಲ್ಲ. ಮೊದಲೆಲ್ಲ ಏನಾದರೂ ತಿಳಿಸುವುದಿದ್ದರೆ ಅಂಗಳದಲ್ಲಿ ಕಟ್ಟಿದ ಎಮ್ಮೆಗೆ ಹೇಳುತ್ತಿದ್ದರು. ನಾಳೆ ನಳದ ನೀರು ಬರುವುದಿಲ್ಲ ಎಂದು ಇವರು ಎಮ್ಮೆಗೆ ಹೇಳಿದರೆ, ತನಗೆ ನಿನ್ನೆಯೇ ಗೊತ್ತು ಎಂದು ಅವರು ಎಮ್ಮೆಗೆ ಹೇಳುವರು. ಆ ಎಮ್ಮೆಯನ್ನು ಮಾರಿದ ಮೇಲೆ ಆ ದಾರಿಯೂ ಮುಚ್ಚಿಹೋಗಿತ್ತು.

ಈ ಮಳೆಗಾಲದ ಕೊನೆಯಲ್ಲಿ ಆ ನೆಗೆಣ್ಣಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದರು. ಮಿರಜದ ದವಾಖಾನೆಯಲ್ಲಿ ಆಪರೇಶನ್ ಆಗಿ, ಈಗ ಅವರ ಪಡಸಾಲೆಯಲ್ಲೇ ಬಾಗಿಲಿಗೆ ಎದುರಾಗಿ ಕಾಟು ಹಾಕಿ ಮಲಗಿಸಿದ್ದರು. ಮಾವಶಿ ನಿಂತಿದ್ದು ಆ ಕಾಟಿನ ಮುಂದೆ, ಅದಕ್ಕೆ ಬೆನ್ನು ಮಾಡಿ. ಅಲ್ಲಿಂದಲೇ ಮೆಕ್ಯಾನಿಕ್‌ಗೆ ಟಿವಿಯನ್ನು ಸ್ವಲ್ಪ ಕೆಳಗೆ ಬಗ್ಗಿಸು, ಸ್ವಲ್ಪ ಎಡಕ್ಕೆ ಹೊರಳಿಸು ಎಂದು ಕೈಸನ್ನೆ ಮಾಡಿದರು. ಮಲಗಿದವರ ಕಣ್ಣಿಗೆ ಸರಿಹೋಗುವ ಹಾಗೆ. ಮಗನ ಸಿಟ್ಟು ಎಲ್ಲಿ ಹೋಯಿತೋ, ಅವನೇ ಹೋಗಿ ಟಿವಿಯ ಒಂದು ಬದಿ ಹಿಡಿದುಕೊಂಡ.

ಮಾವಶಿ ತಿರುಗಿ ಬಂದ ಮೇಲೆ, ಇದೆಲ್ಲ ಯಾಕೆ ಎಂದು ನಾನು ಮೆಲ್ಲಗೆ ಕೇಳಿದೆ. ಅವರು ನನ್ನ ಕಡೆ ನೋಡದೆ, ಮೆಕ್ಯಾನಿಕ್ ಉದುರಿಸಿದ ಗೋಡೆಯ ಪುಡಿಯನ್ನು ಗುಡಿಸುತ್ತ ಹೇಳಿದರು.

"ಮುಂಜಾನಿಂದ ಸಂಜೀತನಾ ನಮ್ಮ ಬಾಗಿಲಾನ ನೋಡಕೋತ ಮಲಗಿರತಾಳ ಆಕಿ. ಬರೇ ಬಾಗಿಲಾ ಎಷ್ಟಂತ ನೋಡಬೇಕು?"

"ಹಂಗಾದ್ರ ಟಿವಿ ಅವರ ಮನ್ಯಾಗ ಇಡಬಹುದಿತ್ತಲ್ರಿ, ಮಾವಶಿ."

"ಅಲ್ಲಿಡಬೇಕಾದ್ರ ಆಕಿ ಜೋಡಿ ಮಾತಾಡಬೇಕಾಗತೈತಿ."

ಇಷ್ಟು ಹೇಳಿ ಕಸ ಎತ್ತಿಕೊಂಡು ಹೋದರು. ನಾನು ಅಲ್ಲೇ ಸೋಫಾದ ಮೇಲೆ ಕುಳಿತೆ. ಅಲ್ಲಿಂದ ಟಿವಿ ಕಾಣುತ್ತಲೇ ಇರಲಿಲ್ಲ.

ಕೆಲವು ದಿನಗಳ ನಂತರ ಒಂದು ಮಧ್ಯಾಹ್ನ ಮತ್ತೆ ಹೋಗಿದ್ದೆ. ಎರಡೂ ಮನೆಯ ಬಾಗಿಲು ತೆರೆದಿದ್ದವು. ಟಿವಿ ನಡೆದಿತ್ತು. ಎದುರು ಮನೆಯ ನೆಗೆಣ್ಣಿ ದಿಂಬಿಗೆ ಒರಗಿ ನೋಡುತ್ತಿದ್ದರು. ಮಾವಶಿ ಹೊಸ್ತಿಲ ಪಕ್ಕದಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದರು. ಟಿವಿ ಬಂದಂದಿನಿಂದ ಅವರೂ ಇವರೂ ಒಂದು ಮಾತೂ ಆಡಿಲ್ಲವೆಂದು ಮಗ ಹೇಳಿದ್ದ. ಅಷ್ಟರಲ್ಲಿ ಕರೆಂಟ್ ಹೋಯಿತು. ಪರದೆ ಕಪ್ಪಾಯಿತು. ಆಮೇಲೆ ಆಚೆಯಿಂದ ಬಹಳ ಸಣ್ಣ ದನಿ ಬಂತು.

"ಆ ಹುಡುಗಿ ಮನಿ ಬಿಟ್ಟ ಯಾಕ ಹೊಂಟ್ಲು? ನನಗ ಇಲ್ಲಿತನಾ ಆವಾಜ ಕೇಳಂಗಿಲ್ಲ."

ಮಾವಶಿಯ ಬೆರಳುಗಳು ಶೇಂಗಾದ ಮೇಲೆ ನಿಂತವು. ಮೊರ ಕೆಳಗಿಟ್ಟು ಎದ್ದರು.

"ಇಲ್ಲಿಂದ ಹೇಳಿದ್ರ ಒದರಿ ಹೇಳಬೇಕಾಗತೈತ್ರಿ, ಅಕ್ಕಾ. ತಡೀರಿ, ಬಂದೆ."

ಅಂಗಳ ದಾಟಿ ಹೋಗಿ ಕಾಟಿನ ಅಂಚಿಗೆ ಕುಳಿತರು. ಆ ಹುಡುಗಿಯ ಕಥೆ ಹೇಳತೊಡಗಿದರು, ಅವಳ ಅತ್ತೆಯ ಕಥೆ, ಅವಳ ಗಂಡನ ಕಥೆ. ಹೇಳುತ್ತ ಹೇಳುತ್ತ ಅವರ ಕಣ್ಣು ನೆಗೆಣ್ಣಿಯ ತಲೆಯ ಮೇಲೆ ಬಿತ್ತು. ಮಲಗಿ ಮಲಗಿ ಕೂದಲೆಲ್ಲ ಸಿಕ್ಕುಗಟ್ಟಿತ್ತು. ಗೋಡೆಯ ಗೂಡಿನಲ್ಲಿದ್ದ ಎಣ್ಣೆಯ ಬಾಟಲಿ, ಬಾಚಣಿಗೆ ತೆಗೆದುಕೊಂಡರು. ಎಲ್ಲಿದೆ ಎಂದು ಯಾರನ್ನೂ ಕೇಳಲಿಲ್ಲ.

ಕರೆಂಟ್ ಬಂದಾಗ ನಾನು ರಿಮೋಟ್ ಹಿಡಿದು ಹೊಸ್ತಿಲಿಗೆ ಬಂದು, ಹಚ್ಚಲೇ ಎಂದು ಕೇಳಿದೆ. ಮಾವಶಿ ತಲೆ ಎತ್ತದೆ ಬೇಡವೆಂದು ಕೈಯಾಡಿಸಿದರು. ನೋವಾಗದಂತೆ ಬುಡದಲ್ಲಿ ಹಿಡಿದುಕೊಂಡು ಒಂದೊಂದೇ ಸಿಕ್ಕು ಬಿಡಿಸುತ್ತಿದ್ದರು. ನೆಗೆಣ್ಣಿ ಮಾವಶಿಯ ಮೊಣಕಾಲಿಗೆ ತಲೆಯಿಟ್ಟು ಕಣ್ಣು ಮುಚ್ಚಿಕೊಂಡಿದ್ದರು.